ಚಪ್ಪಟೆ ನಕ್ಷೆಯ ಹೊಟ್ಟೆಕಿಚ್ಚು

ನಾನು ಒಂದು ಗೋಡೆ ನಕ್ಷೆ. ಇಡೀ ಪ್ರಪಂಚವೇ ನನ್ನ ಮೈಮೇಲಿದೆ, ಸಾಮಾನ್ಯ ಎಂದು ತಿಳಿಯಬೇಡಿ! ಶಿವಕಾಶಿಯ ಅಚ್ಚುಮನೆಯಲ್ಲಿ ಹುಟ್ಟಿದೆ. ಮಂಗಳೂರಿನ ಪುಸ್ತಕದಂಗಡಿಯೊಂದರಲ್ಲಿ ಬಹಳ ದಿನ ಸುರುಳಿಯಾಗಿ ಮೂಲೆಯಲ್ಲಿ ನಿಂತಿದ್ದೆ. ಅಲ್ಲಿಂದ ನನ್ನನ್ನು ಕೊಂಡುತಂದವರು ವಿಮಾನದ ಟಿಕೆಟ್ ಮಾಡಿಕೊಡುವ ಮಿನೇಜಸ್ ಸರ್. ಅವರ ಕುರ್ಚಿಯ ಹಿಂದಿನ ಗೋಡೆ ಪೂರ್ತಿ ನನಗೇ ಸಿಕ್ಕಿತು. ಸರ್ ನನ್ನ ಮೇಲೆ ಪೆನ್ನು ಓಡಿಸಿ ಗಿರಾಕಿಗಳಿಗೆ ದೂರ ಎಷ್ಟು, ಗಂಟೆ ಎಷ್ಟು ಎಂದು ಹೇಳುತ್ತಿದ್ದರು. ಆಗಿನ ನನ್ನ ಗತ್ತೇ ಗತ್ತು.

ಅಷ್ಟರಲ್ಲಿ ಬಂತು ನೋಡಿ, ಆ ಗ್ಲೋಬು. ಯಾರೋ ಹೊಸ ವರ್ಷಕ್ಕೆ ಪುಕ್ಕಟೆ ಕೊಟ್ಟದ್ದು, ತೆಂಗಿನಕಾಯಿಯಷ್ಟೂ ದಪ್ಪವಿಲ್ಲ. ಬಂದವರೆಲ್ಲ ಅದನ್ನು ತಿರುಗಿಸುವುದೇನು, ಸವರುವುದೇನು! ಅದರ ಧೂಳನ್ನು ದಿನಾ ಒರೆಸುತ್ತಿದ್ದರು, ನನ್ನದನ್ನು ಹಬ್ಬಕ್ಕೊಮ್ಮೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಒಂದು ದಿನ ಬೆಂಗ್ರೆಯ ಸುಗುಣಕ್ಕ ಬಂದರು. ಬಂದರಿನಲ್ಲಿ ಮೀನು ಮಾರುವವರು. ಕೆನಡಾದ ವ್ಯಾಂಕೂವರಿನಲ್ಲಿರುವ ಅವರ ತಂಗಿ ಹೇಮಲತಾಳ ಕಿಡ್ನಿ ಎರಡೂ ಹಾಳಾಗಿದ್ದವು. ಅಕ್ಕನ ಕಿಡ್ನಿ ಹೊಂದುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಕ್ಕ ಹೋಗದಿದ್ದರೆ ತಂಗಿ ಉಳಿಯುವಂತಿರಲಿಲ್ಲ.

"ದಿಲ್ಲಿಯಿಂದ ಒಂದೇ ವಿಮಾನ. ಹನ್ನೊಂದು ಸಾವಿರ ಕಿಲೋಮೀಟರ್, ಹದಿನಾಲ್ಕು ಹದಿನೈದು ಗಂಟೆ," ಎಂದು ಸರ್ ನನ್ನ ಮೇಲೆ ಪೆನ್ನು ಓಡಿಸಿದರು. ಪೆನ್ನು ಯುರೋಪು ದಾಟಿ ಅಟ್ಲಾಂಟಿಕ್ ಮೇಲೆ ಹೊರಟಿತು.

"ಆ ನೀಲಿ ಎಲ್ಲ ಎಂತದು ಪೊರ್ಬುಗಳೇ?" ಸುಗುಣಕ್ಕ ಸರ್ ಅವರನ್ನು ಕರೆಯುವುದೇ ಹಾಗೆ.

"ಸಮುದ್ರ."

ಸುಗುಣಕ್ಕ ಎದ್ದೇಬಿಟ್ಟರು. ಅವರ ಗಂಡ ದೋಣಿಯಲ್ಲಿ ಹೋದವರು ಹಿಂದೆ ಬಂದಿರಲಿಲ್ಲ.

"ಕಿಡ್ನಿ ಬೇಕಾದ್ರೆ ಇಲ್ಲಿಯೇ ತೆಗೀಲಿ, ಕೊಡ್ತೇನೆ. ಅಷ್ಟು ನೀರಿನ ಮೇಲೆ ನನ್ನಿಂದ ಆಗ್ಲಿಕ್ಕಿಲ್ಲ."

"ಒಮ್ಮೆ ಕೂತ್ಕೊಳ್ಳಿ ಸುಗುಣಕ್ಕ," ಎಂದ ಸರ್ ನನಗೆ ಬೆನ್ನು ಹಾಕಿ ಗ್ಲೋಬನ್ನು ಎಳೆದುಕೊಂಡರು. ದಿಲ್ಲಿಯಿಂದ ವ್ಯಾಂಕೂವರಿಗೆ ಒಂದು ದಾರ ಬಿಗಿದು ಹಿಡಿದರು. ಭೂಮಿ ಉರುಟಲ್ಲವೇ, ದಾರ ನೆತ್ತಿಯ ಮೇಲಿಂದ ಹಾದು ಕೆನಡಾಕ್ಕೆ ಇಳಿಯಿತು. ಅಟ್ಲಾಂಟಿಕ್ ಕಡೆಗೆ ತಲೆಯೂ ಹಾಕಲಿಲ್ಲ.

"ಈ ಬಿಳಿ?"

"ಅದು ಬರೀ ಐಸು."

ಸುಗುಣಕ್ಕ ನಕ್ಕುಬಿಟ್ಟರು. "ಐಸಾ! ಬೆಳಗಾದ್ರೆ ಐಸಿನೊಟ್ಟಿಗೇ ಅಲ್ವಾ ನನ್ನ ಬದುಕು! ಟಿಕೆಟ್ ಮಾಡಿ."

ಅದೇ ಐಸು ನನ್ನ ಮೇಲಂಚಿನುದ್ದಕ್ಕೂ ಇದೆ. ಯಾರು ಕೇಳುತ್ತಾರೆ! ಅಂದಿನಿಂದ ಆ ಚೆಂಡಿಗೆ ಮೇಜಿನ ನಡುವೆ ಜಾಗ. ನನ್ನ ಬಣ್ಣ ಮಾಸಿತು, ಅಂಚು ಸುಲಿಯಿತು. ನನ್ನನ್ನು ಇಳಿಸಿ ಗೋಡೆಗೆ ಬಣ್ಣ ಹೊಡೆಸುವ ಮಾತೂ ಬಂತು.

ಎರಡು ವರ್ಷ ಕಳೆದು ಅಕ್ಕತಂಗಿ ಇಬ್ಬರೂ ಮಿಠಾಯಿ ಹಿಡಿದು ಬಂದರು. ಹೇಮಲತಾ ಗುಂಡುಗುಂಡಗಾಗಿದ್ದಳು. ಎಲ್ಲರೂ ಆ ಗ್ಲೋಬನ್ನು ಹೊಗಳಿದ್ದೇ ಹೊಗಳಿದ್ದು. ನಾನು ಒಳಗೊಳಗೇ ಬೇಯುತ್ತಿದ್ದೆ.

ಆಮೇಲೆ ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಹತ್ತಿರ ಬಂದು ಒಂದು ಬೆರಳನ್ನು ಮಂಗಳೂರಿನ ಮೇಲಿಟ್ಟಳು, ಇನ್ನೊಂದನ್ನು ವ್ಯಾಂಕೂವರಿನ ಮೇಲಿಡಲು ಹೋದಳು. ಎಟುಕಲಿಲ್ಲ. ಎರಡೂ ತೋಳು ಪೂರ್ತಿ ಚಾಚಿ, ಕೆನ್ನೆಯನ್ನು ನನ್ನ ಮುಖಕ್ಕೆ ಒತ್ತಿದ ಮೇಲೆ ಮುಟ್ಟಿತು.

"ಇಷ್ಟು ದೂರ ಬಂದೆಯಾ ಅಕ್ಕ, ನನಗೋಸ್ಕರ?"

"ಏ, ಅದರಲ್ಲಿ ಇರುವುದು ಸುಳ್ಳು ಮಾರಾಯ್ತಿ. ಈ ಗ್ಲೋಬಲ್ಲಿ ನೋಡು, ಒಂದು ಗೇಣೂ ಇಲ್ಲ."

ಹೇಮಲತಾ ಅತ್ತ ತಿರುಗಲಿಲ್ಲ. ಹಾಗೆಯೇ ನನ್ನನ್ನು ತಬ್ಬಿಕೊಂಡು ನಿಂತು ಅತ್ತಳು.

ಗ್ಲೋಬು ಮೇಜಿನ ಮೇಲೆ ಕೂತಿತ್ತು. ನೋಡಲಿ, ಚೆನ್ನಾಗಿ ನೋಡಲಿ ಎಂದುಕೊಂಡೆ.