ಧೋತರದ ಮೇಲೊಂದು ಟೈ

ನಮ್ಮ ಮನೆಯವರು ತೀರಿಕೊಂಡ ದಿನ ಅವರ ತಲೆಯನ್ನು ಅವರದೇ ಟೈಯಿಂದ ಗೋಡೆಯ ಗೂಟಕ್ಕೆ ಕಟ್ಟಿದ್ದರು. ಅಡುಗೆಮನೆಯಿಂದ ಪಡಸಾಲೆಗೆ ಬಂದವಳು ಮೊದಲು ಕಂಡದ್ದೇ ಅದನ್ನು. ಅಳು ಅಲ್ಲಿಗೇ ನಿಂತುಹೋಗಿ ಸಿಟ್ಟು ಬಂತು. ಎಂಬತ್ತನಾಲ್ಕರ ಬೇಸಿಗೆಯ ಮಾತು ಅದು, ಈಗ ನೆನೆದರೂ ಮೈ ಉರಿಯುತ್ತದೆ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಮಣ್ಣಿನಲ್ಲೂ ಕೂರಿಸಿಯೇ ಇಡುತ್ತೇವೆ. ಕತ್ತು ವಾಲಬಾರದೆಂದು ಗದ್ದದ ಕೆಳಗಿಂದ ಅರಿವೆಯ ಪಟ್ಟಿಯೊಂದನ್ನು ಹಾಯಿಸಿ ಹಿಂದಿನ ಗೂಟಕ್ಕೆ ಬಿಗಿಯುವುದು ರೂಢಿ. ಅದಕ್ಕೆ ಹಳೇ ಧೋತರ ಹರಿಯುತ್ತಾರೆ. ನಮ್ಮ ಭಾವ ಬಾಳಾಸಾಹೇಬರಿಗೆ ಹರಿಯುವ ತ್ರಾಸೂ ಬೇಡವಾಗಿತ್ತು. ತಮ್ಮನ ಟ್ರಂಕು ತೆಗೆದರು, ಉದ್ದವಾದ, ಗಟ್ಟಿಯಾದ, ಹೇಳಿ ಮಾಡಿಸಿದಂಥ ಪಟ್ಟಿ ಸಿಕ್ಕಿತು, ಕಟ್ಟಿಬಿಟ್ಟರು. ಬದುಕಿರುವಾಗ ಅದು ತಮ್ಮನ ಕೊರಳಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದವರು ಇವರೇ.

ಬನಹಟ್ಟಿಯಲ್ಲಿ ನಮ್ಮದು ನೂಲಿನ ಅಂಗಡಿ. ಬಿಳಿ ಧೋತರ, ತುಂಬುತೋಳಿನ ಅಂಗಿ, ಅದರ ಮೇಲೆ ಅಂಗೈ ಅಗಲದ ರೇಷ್ಮೆ ಟೈ. ಹಾಗೆಯೇ ಗಾದಿಯ ಮೇಲೆ ಕೂಡುತ್ತಿದ್ದರು ನಮ್ಮ ಮನೆಯವರು. ಹಳೇ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ಸುಂದರವ್ವ ಜಮಖಂಡಿ, ಮುಧೋಳದ ಓಣಿಗಳನ್ನು ಸುತ್ತಿ ಬಂದಳೆಂದರೆ ಸಾಕು, ಗಿರಾಕಿಗಳನ್ನು ಬಿಟ್ಟು ಎದ್ದು ಹೋಗುತ್ತಿದ್ದರು. ಸಂಸ್ಥಾನದ ಕಾಲದ ಸಾಹೇಬರ, ವಕೀಲರ ಮನೆಗಳಿಂದ ಬಂದ ಟೈಗಳನ್ನು ಅವಳು ಗಂಟು ಕಟ್ಟುವ ಹಗ್ಗ ಮಾಡಿಕೊಳ್ಳುತ್ತಿದ್ದಳು. ಇವರು ಬಿಡಿಸಿ ತರುತ್ತಿದ್ದರು. ಸಾವಿರದ ಒಂಬೈನೂರ ಐವತ್ತರ ಆಸುಪಾಸಿನ ಟೈಗಳೇ ಆಗಬೇಕು ಅವರಿಗೆ. ಬೆರಳ ನಡುವೆ ತಿಕ್ಕಿ, ಒಳಗಿನ ಉಣ್ಣೆಯ ಅಸ್ತರು ಮುಟ್ಟಿ ನೋಡಿ, ನನಗೂ ಮುಟ್ಟಿಸಿ ತೋರಿಸುತ್ತಿದ್ದರು. ಕಾನ್ವೆಂಟ್ ಮಕ್ಕಳ ಎಲಾಸ್ಟಿಕ್ ಟೈ ಕಂಡರೆ ಮಾತ್ರ ಔಷಧಿ ಕುಡಿದವರ ಹಾಗೆ ಮುಖ ಮಾಡುತ್ತಿದ್ದರು.

ಊರು ಇವರನ್ನು ಟೈ ಶಿದ್ರಾಮಪ್ಪ ಎನ್ನುತ್ತಿತ್ತು. ಅನ್ನಲಿ. ತೇರದಾಳದ ಬಸ್ಸಿನಲ್ಲಿ ಕಂಡಕ್ಟರು ಆಫೀಸರೆಂದು ತಿಳಿದು ಜಾಗ ಕೊಟ್ಟರೆ ಇವರು, ತಾವು ನೂಲು ಮಾರುವವರೆಂದು ಹೇಳಿ ನಿಂತೇ ಹೋಗುತ್ತಿದ್ದರು. ಯಾರನ್ನೂ ಮೋಸ ಮಾಡಲು ಹಾಕಿದ್ದಲ್ಲ ಅದು. ಚಂದ ಕಾಣುತ್ತದೆಂದು ಹಾಕಿದ್ದು, ಅಷ್ಟೇ. ಲಿಂಗ ಕಟ್ಟುವ ಕೊರಳಲ್ಲಿ ಇದೆಂಥದು ಎಂದು ಭಾವ ಒಮ್ಮೆ ಎಲ್ಲರೆದುರು ಕೇಳಿದ್ದರು.

“ಲಿಂಗ ಅಂಗಿ ಒಳಗೈತಿ, ಟೈ ಹೊರಗೈತಿ. ಅವೆರಡೂ ಜಗಳಾಡಿಲ್ಲಣ್ಣಾ,” ಎಂದರು ಇವರು.

ಕೊನೆಗೆ ಬಲಗೈಗೆ ಲಕ್ವಾ ಹೊಡೆಯಿತು. ಆಮೇಲೆ ದಿನಾ ಬೆಳಿಗ್ಗೆ ಅವರು ಹೇಳಿಕೊಟ್ಟಂತೆ ನಾನೇ ಕಟ್ಟುತ್ತಿದ್ದೆ. ಅಂಥವರ ಗದ್ದಕ್ಕೆ, ಹಬ್ಬಕ್ಕೆಂದೇ ಇಟ್ಟುಕೊಂಡಿದ್ದ ಮಾವಿನಕಾಯಿ ಬುಟ್ಟಾದ ಕೆಂಪು ಟೈಯನ್ನು ದನ ಕಟ್ಟುವ ಹಾಗೆ ಬಿಗಿದಿದ್ದರು.

ನಾನು ಹೋಗಿ ಬಿಚ್ಚಿದೆ. ತಲೆ ಎದೆಯ ಮೇಲೆ ವಾಲಿತು, ಹೆಂಗಸರು ಹೌಹಾರಿದರು. ಧೋತರ ಹರಿದು ಅದರಿಂದ ಮತ್ತೆ ಕಟ್ಟಿ ನಿಲ್ಲಿಸಿದೆ. ಸುಕ್ಕಾದ ಟೈಯನ್ನು ತೊಡೆಯ ಮೇಲೆ ಹಾಸಿ ಅಂಗೈಯಿಂದ ಉಜ್ಜಿ, ದಿನದಂತೆ ಅವರ ಕೊರಳಿಗೆ ಕಟ್ಟಿದೆ.

ಒಂದು ಮಾತು ಹೇಳಬೇಕು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಭಾವನ ಎದುರು ನಾನು ಬಾಯಿ ತೆರೆದವಳಲ್ಲ. ತಮ್ಮನ ಹೆಂಡತಿ ಭಾವನೊಡನೆ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಏನಿದ್ದರೂ ನೆಗೆಣ್ಣಿ ಹಾಲವ್ವನ ಮೂಲಕವೇ. ಆ ದಿನವೂ ಭಾವ, ನಾನು ಎರಡು ಮಾರು ದೂರದಲ್ಲಿ ನಿಂತಿದ್ದರೂ, ತಮ್ಮ ಹೆಂಡತಿಗೇ ಹೇಳಿದರು.

“ಅಕೀಗಿ ಹೇಳು, ಅದನ್ನ ಬಿಚ್ಚಲಿ. ಮಂದಿ ನಗತಾರ.”

ನಾನೂ ಹಾಲವ್ವನಿಗೇ ಹೇಳಿದೆ. “ಅಕ್ಕಾ, ಮಂದಿ ಇಷ್ಟು ದಿನಾನೂ ನಕ್ಕಾರ. ಇವತ್ತೊಂದು ದಿನ ನಗಲಿ.”

ಭಾವ ತಲೆಯ ರುಮಾಲು ಸರಿಮಾಡಿಕೊಂಡು ಹೊರಗೆ ಹೋದರು. ಮೆರವಣಿಗೆ ಹೊರಟಿತು. ಯಾರೂ ನಗಲಿಲ್ಲ. ಭಾವ ಸೋತರೆಂದು ನಾನು ತಿಳಿದೆ, ದಡ್ಡಿ.

ಹೊಲದಲ್ಲಿ ಕುಣಿಯೊಳಗೆ ಇಳಿಸುವ ಮೊದಲು ಹಾರ, ರುಮಾಲು, ಶಾಲು ತೆಗೆದರು. ಅದು ಕ್ರಮವೇ, ನಾನೇನೂ ಅನ್ನಲಿಲ್ಲ. ಕೆಳಗಿಳಿಸಿ ಕೂರಿಸಿದ ಮೇಲೆ ಅಯ್ಯನವರು ಲಿಂಗವನ್ನು ಅಂಗೈಯಲ್ಲಿ ಇಡಿಸಿದರು. ಆಗ ಭಾವ ತಾವೇ ಕುಣಿಗಿಳಿದು ಟೈಗೆ ಕೈ ಹಾಕಿದರು. ಬಿಚ್ಚುವುದು ಹೇಗೆಂದು ಗೊತ್ತಿಲ್ಲ. ಜಗ್ಗಿದರು. ಬರಲಿಲ್ಲ. ಮತ್ತೆ ಜಗ್ಗಿದರು. ನಮ್ಮ ಮನೆಯವರ ತಲೆ ಮುಂದಕ್ಕೆ ಬಂದು ಹಿಂದಕ್ಕೆ ಹೋಗಿ ಮಣ್ಣಿನ ಗೋಡೆಗೆ ಬಡಿಯಿತು.

ನಾನು ತಲೆಯ ಮೇಲಿನ ಸೆರಗು ಸರಿಸಿದೆ.

“ಭಾವಾರ, ಕೈ ತಗೀರಿ. ಅವರು ಒಂದಿನಾನೂ ನಿಮ್ಮ ರುಮಾಲಿಗಿ ಕೈ ಹಚ್ಚಿದವರಲ್ಲ.”

ಅಷ್ಟೂ ಜನ ನನ್ನ ಕಡೆ ತಿರುಗಿದರು. ಸತ್ತ ತಮ್ಮನ ಕೊರಳು ಜಗ್ಗಿದ್ದು ಯಾರಿಗೂ ತಪ್ಪೆನಿಸಿರಲಿಲ್ಲ, ನಾನು ಬಾಯಿ ಬಿಟ್ಟದ್ದು ತಪ್ಪಾಯಿತು. ಹಿಂದಿನಿಂದ ಹಾಲವ್ವ ನನ್ನ ಸೆರಗು ಹಿಡಿದು ಎಳೆದಳು. ನಾನು ಕದಲಲಿಲ್ಲ, ಭಾವನ ಮುಖದಿಂದ ಕಣ್ಣು ತೆಗೆಯಲೂ ಇಲ್ಲ. ಅವರ ಕೈ ತಾನಾಗಿಯೇ ಕೆಳಗಿಳಿಯಿತು. ಯಾರೋ ಕೈ ಕೊಟ್ಟು ಅವರನ್ನು ಮೇಲಕ್ಕೆತ್ತಿದರು.

ನನ್ನ ಪಾಲಿನ ಹಿಡಿಮಣ್ಣನ್ನು ಟೈಯ ಮೇಲೆ ಬೀಳದ ಹಾಗೆ, ಬಗ್ಗಿ, ಕಾಲಿನ ಹತ್ತಿರ ಹಾಕಿದೆ. ನನ್ನ ನಂತರ ಭಾವ ಬಂದರು. ಹಿಡಿಮಣ್ಣನ್ನು ಅವರೂ ಟೈ ತಪ್ಪಿಸಿ, ಬಗ್ಗಿ ಕಾಲಿನ ಹತ್ತಿರವೇ ಹಾಕಿದರು. ಹೆಂಗಸರು ಅದನ್ನು ನೋಡಿ, ಎಷ್ಟಾದರೂ ಒಡಹುಟ್ಟಿದವರು ಎಂದು ಕಣ್ಣೊರೆಸಿಕೊಂಡರು. ನನಗೆ ಮಾತ್ರ ಸಿಟ್ಟು ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ. ನಮ್ಮ ಮನೆಯವರು ಉಸಿರಾಡುತ್ತಿದ್ದಾಗ ಒಂದೇ ಒಂದು ಸಲ, ಛಲೋ ಕಾಣತೈತಿ ತಮ್ಮಾ ಎಂದಿದ್ದರೆ ಭಾವನ ಗಂಟೇನು ಹೋಗುತ್ತಿತ್ತು?