ಮೇಡಂ ಹುಬ್ಬು

"ಯಾರಿದು? ಯಾರೀ ಹೆಂಗಸು? ನಮ್ಮನೇಲಿ ಯಾಕೆ ತಂದು ಮಲಗಿಸಿದೀರಿ?"

ಅಪ್ಪ ಕಿರುಚಿಕೊಂಡು ಹಿಂದಕ್ಕೆ ಸರಿದ ರಭಸಕ್ಕೆ ಬೆನ್ನು ಗೋಡೆಗೆ ಬಡಿದು, ಅಲ್ಲಿ ತೂಗುಹಾಕಿದ್ದ ಫೋಟೊಗಳೆಲ್ಲ ಗಡಗಡ ಅಲುಗಿದವು. ಮಗಳು ಓಡಿಬಂದು ರಟ್ಟೆ ಹಿಡಿಯದಿದ್ದರೆ ಪೆಟ್ಟಿಗೆಯ ಪಕ್ಕದ ಹೂವಿನ ಮೇಲೇ ಬೀಳುತ್ತಿದ್ದ. ಹೆಣ ತಂದ ಗಾಡಿಯವನು ಪೆಟ್ಟಿಗೆಯ ಮುಚ್ಚಳ ತೆಗೆದು ಈಗಷ್ಟೇ ಗೋಡೆಗೆ ಒರಗಿಸಿದ್ದ. ಅವನಿಗೂ ಗಾಬರಿಯಾಗಿ, ಅದನ್ನು ಮತ್ತೆ ಎತ್ತಿಕೊಂಡು ನಿಂತ.

"ಅಪ್ಪಾ, ಅಮ್ಮ ಕಣಪ್ಪಾ. ಸರಿಯಾಗಿ ನೋಡು."

"ನೀವು ಸುಮ್ನಿರಿ ಸಿಸ್ಟರ್. ನನ್ನ ಹೆಂಡ್ತಿ ಮುಖ ನನಗೆ ಗೊತ್ತಿಲ್ವಾ? ಇದಕ್ಕೆ ಹುಬ್ಬೇ ಇಲ್ಲ!"

ಸುತ್ತ ನಿಂತವರೆಲ್ಲ ಒಂದೇ ಸಲ ಬಗ್ಗಿ ನೋಡಿದರು. ಹುಬ್ಬು ಇರಲಿಲ್ಲ ನಿಜ. ಆಸ್ಪತ್ರೆಯವರು ತೊಳೆದು ಕಳಿಸಿದ ಆ ಮುಖ ನುಣ್ಣಗೆ, ಬಿಳಿಚಿಕೊಂಡು, ಯಾರದೋ ಆಗಿತ್ತು. ಬೀದಿಯವರು ಹಿಂದಿನಿಂದ 'ಹೀರೋಯಿನ್' ಎಂದು ಆಡಿಕೊಂಡು, ಮದುವೆ ಮುಂಜಿಗೆ ಯಾರ ಕೈಯಲ್ಲಿ ಅಲಂಕಾರ ಮಾಡಿಸಿಕೊಳ್ಳುತ್ತಿದ್ದರೋ ಆ ಹೆಂಗಸು ಇವಳೇ ಎಂದರೆ ಯಾರು ನಂಬಬೇಕು? ಬೆಳಗ್ಗೆ ಆಸ್ಪತ್ರೆಯಲ್ಲಿ ಮುಸುಕು ಸರಿಸಿದಾಗ ಮಗಳೇ ಹೆಣ ಬದಲಾಯಿತೆಂದುಕೊಂಡು ಚೀಟಿಯ ಹೆಸರು ಓದಿ ನೋಡಿದ್ದಳು. ಅಪ್ಪನದೇನು ತಪ್ಪು!

"ಭಾವನ್ನ ಒಳಗೆ ಕರ್ಕೊಂಡು ಹೋಗಿ ಯಾರಾದ್ರೂ," ಎಂದಳು ಚಿಕ್ಕಮ್ಮ, ಸತ್ತವಳ ತಂಗಿ. ಅಮ್ಮನ ಬ್ಯೂಟಿ ಪಾರ್ಲರಿನ ಹಳೇ ಗಿರಾಕಿ ಟೀಚರಮ್ಮ ಮುಂದೆ ಬಂದು, "ಬನ್ನಿ, ಬಿಸಿಯಾಗಿ ಏನಾದ್ರೂ ಕುಡಿಯೋಣ," ಎಂದು ಪುಸಲಾಯಿಸಿ ಅಪ್ಪನನ್ನು ಅಡುಗೆಮನೆಗೆ ಕರೆದೊಯ್ದರು. ಹೋಗುವಾಗಲೂ ಅವನು ತಿರುತಿರುಗಿ ನೋಡುತ್ತಿದ್ದ. "ಅವಳು ಬಂದು ಇದನ್ನ ನೋಡಿದ್ರೆ ಏನ್ ಗತಿ?" ಎನ್ನುತ್ತಿದ್ದ.

ಅಪ್ಪನಿಗೆ ಮರೆವಿನ ಕಾಯಿಲೆ. ಮೊದಲು ತಾನು ರಿಪೇರಿ ಮಾಡುತ್ತಿದ್ದ ರೇಡಿಯೋಗಳ ಹೆಸರು ಮರೆತ. ಆಮೇಲೆ ಬೀದಿ ಮರೆತ. ಈಚೆಗೆ ಮಗಳನ್ನೇ ಮರೆತು, ಯಾರೋ ನರ್ಸಮ್ಮ ಮನೆಗೆ ಬಂದು ಇದ್ದಾಳೆ ಎಂದುಕೊಂಡಿದ್ದಾನೆ. ಉಳಿದದ್ದು ಹೆಂಡತಿಯ ಮುಖ ಒಂದೇ. ಅವಳು ಆಸ್ಪತ್ರೆ ಸೇರಿದ ಮೇಲೆ ಅದೂ ಕಣ್ಣಿಗೆ ಬೀಳದೆ, ಒಂದು ಮಧ್ಯಾಹ್ನ ಬರಿಗಾಲಲ್ಲಿ ಹುಡುಕಿಕೊಂಡು ಹೊರಟವನು ದೊಡ್ಡ ರಸ್ತೆಯಲ್ಲಿ ಬಸ್ಸಿಗೆ ಅಡ್ಡ ನಿಂತುಬಿಟ್ಟಿದ್ದ. ಮಗಳೂ ಬಸ್ ಡ್ರೈವರೇ. ಆವತ್ತು ಬ್ರೇಕ್ ಹಾಕಿದವನು ಅವಳ ಡಿಪೋದವನು. "ಅಕ್ಕಾ, ನಿಮ್ಮಪ್ಪನ ಮೂಗಿಗೂ ನನ್ನ ಗಾಜಿಗೂ ಮಧ್ಯೆ ಒಂದು ಗೇಣು ಅಷ್ಟೇ ಇದ್ದಿದ್ದು," ಎಂದು ಫೋನು ಮಾಡಿ ಎರಡೆರಡು ಸಲ ಹೇಳಿದ. ಆ ಒಂದು ಗೇಣು ಅವತ್ತಿನಿಂದ ಅವಳ ನಿದ್ದೆ ತಿನ್ನುತ್ತಿದೆ.

"ಅಪ್ಪ ಅಮ್ಮನ್ನ ಗುರುತು ಹಿಡೀಲೇಬೇಕು ಚಿಕ್ಕಮ್ಮ. ಪೆಟ್ಟಿಗೆ ಮುಚ್ಚೋಕೆ ಮುಂಚೆ. ಇಲ್ದಿದ್ರೆ ನಾಳೆನೇ ಮತ್ತೆ ರಸ್ತೆಗಿಳೀತಾನೆ."

"ನೋಡಿದ್ರೂ ನಾಳೆಗೆ ಮರೀತಾರೆ ಕಣೇ."

"ಹೇಳಿದ್ದು ಮರೀತಾರೆ, ಕಣ್ಣಲ್ಲಿ ಕಂಡಿದ್ದು ಎಲ್ಲೋ ಸ್ವಲ್ಪ ಉಳಿಯುತ್ತೆ ಅಂದ್ರು ಡಾಕ್ಟ್ರು. ಅಷ್ಟು ಉಳಿದ್ರೆ ಸಾಕು."

"ಹಾಗಾದ್ರೆ ಹುಬ್ಬು ಬರಿ. ಇನ್ನೇನು ಮತ್ತೆ!"

ಬರೆಯುವವರು ಯಾರು? ಪಕ್ಕದ ಬೀದಿಯ ಪಾರ್ಲರಿನವಳನ್ನು ಕರೆಸಿ ನೋಡಿದರು. ಗಿರಾಕಿ ಪೆಟ್ಟಿಗೆಯಲ್ಲಿದ್ದಾಳೆ ಎಂದು ಕಂಡದ್ದೇ ಅವಳು ಬಂದ ದಾರಿಗೆ ಸುಂಕವಿಲ್ಲದೆ ಚಪ್ಪಲಿ ಮೆಟ್ಟಿ ಹೊರಟಳು. ಚಿಕ್ಕಮ್ಮನ ಎರಡೂ ಕಣ್ಣಿಗೆ ಪೊರೆ. ಗಾಡಿಯವನು, "ಇನ್ನೊಂದು ಮನೆಗೆ ಹೋಗ್ಬೇಕು ಅಕ್ಕ, ಬೇಗ ಮುಗಿಸಿ," ಎಂದು ಎರಡು ಸಲ ಹೇಳಿಯಾಗಿತ್ತು. ಉಳಿದವಳು ಮಗಳು ಒಬ್ಬಳೇ, ತನ್ನ ಮುಖಕ್ಕೆ ಪೌಡರ್ ಕೂಡ ಹಚ್ಚದವಳು.

*

ಅಮ್ಮ ಹುಡುಗಿಯಾಗಿದ್ದಾಗ ಹಳೆಯ ಹಾಲಿವುಡ್ ಚಿತ್ರವೊಂದಕ್ಕೆ ಹೋಗಿ, ಹೊರಗೆ ಬರುವಾಗ ಬೇರೆಯವಳೇ ಆಗಿ ಬಂದಳಂತೆ. ಚಿತ್ರದ ಮಾತು ಒಂದೂ ಅರ್ಥವಾಗಿರಲಿಲ್ಲ. ಅರ್ಥವಾದದ್ದು ನಾಯಕಿಯ ಮುಖ, ಅದರಲ್ಲೂ ನೂಲೆಳೆಯಂತೆ ಬಾಗಿದ ಎರಡು ಹುಬ್ಬು. ಮನೆಗೆ ಬಂದವಳೇ ತನ್ನ ಹುಬ್ಬಿನ ಕೂದಲನ್ನೆಲ್ಲ ಕಿತ್ತುಹಾಕಿ ಪೆನ್ಸಿಲಿನಲ್ಲಿ ಬರೆದುಕೊಂಡಳು. ಕಿತ್ತೂ ಕಿತ್ತೂ ಕೊನೆಗೆ ಅವು ಬೆಳೆಯುವುದನ್ನೇ ಬಿಟ್ಟವು. ಆ ನಟಿಗೆ ಮನೆಯಲ್ಲಿ 'ಮೇಡಂ' ಎಂದೇ ಹೆಸರು.

ಮನೆಯ ಮುಂದಿನ ಕೋಣೆಯೇ ಬ್ಯೂಟಿ ಪಾರ್ಲರ್. ಒಂದು ತಿರುಗುವ ಕುರ್ಚಿ, ಒಂದು ದೊಡ್ಡ ಕನ್ನಡಿ, ಉಳಿದ ಗೋಡೆಯೆಲ್ಲ ಮೇಡಂ. ಪತ್ರಿಕೆಯ ಮುಖಪುಟಗಳು, ಮಡಿಕೆಯಲ್ಲಿ ಹರಿದ ಪೋಸ್ಟರುಗಳು, ಟಾಕೀಸಿನವರು ಎಸೆದ ಪ್ರಚಾರದ ಚಿತ್ರಗಳು, ಎಲ್ಲಕ್ಕೂ ಚೌಕಟ್ಟು. ಗಾಜಿನ ಡಬ್ಬದಲ್ಲಿ ಮೇಡಂ ತೊಟ್ಟಿದ್ದರೆಂದು ಯಾರೋ ಮಾರಿದ ಒಂದು ಕೈಗವಸು. "ಇನ್ನೊಂದು ಕೈಯದು ಎಲ್ಲಿ?" ಎಂದು ಗಿರಾಕಿಗಳು ಛೇಡಿಸಿದರೆ, "ಮೇಡಂ ಹತ್ರನೇ ಇದೆ, ಬೇಕಾದಾಗ ಇದನ್ನ ಕೇಳ್ತಾರೆ," ಎನ್ನುತ್ತಿದ್ದಳು. ಬೆಳಗ್ಗೆ ಎದ್ದು ಒಂದೊಂದನ್ನೂ ಒರೆಸಿ ನೇರ ಮಾಡದೆ ಅವಳಿಗೆ ಹೊಟ್ಟೆಗೆ ಏನೂ ಇಳಿಯುತ್ತಿರಲಿಲ್ಲ. "ನಮ್ಮನೇಲಿ ನನ್ನ ಫೋಟೊ ಇರೋದು ಒಂದೇ, ಅದೂ ಸ್ಕೂಲಿನ ಗುರುತಿನ ಚೀಟೀಲಿ," ಎಂದು ಮಗಳು ರೇಗುತ್ತಿದ್ದಳು. ಅಮ್ಮ ನಕ್ಕು ಸುಮ್ಮನಾಗುತ್ತಿದ್ದಳು.

ಮಗಳು ಚಿಕ್ಕವಳಿದ್ದಾಗ ಒಂದು ಬೆಳಗ್ಗೆ ನಿದ್ದೆಗಣ್ಣಿನಲ್ಲಿ ಹೋಗಿ ಬಚ್ಚಲ ಬಾಗಿಲು ತಳ್ಳಿದಳು. ಅಮ್ಮನ ಬಟ್ಟೆ ತೊಟ್ಟ ಯಾರೋ ತಿರುಗಿ ನೋಡಿದರು. ಮುಖದಲ್ಲಿ ಹುಬ್ಬಿಲ್ಲ, ಹಣೆ ಎಲ್ಲಿ ಮುಗಿಯುತ್ತದೆಂದೇ ಗೊತ್ತಾಗುವುದಿಲ್ಲ. ಹುಡುಗಿ ಕಿಟಾರನೆ ಕಿರುಚಿ ಓಡಿಹೋಗಿ ಅಪ್ಪನ ಕಾಲು ತಬ್ಬಿಕೊಂಡಳು. ಸ್ವಲ್ಪ ಹೊತ್ತಿಗೆ ಅಮ್ಮ ಹುಬ್ಬು ಬರೆದುಕೊಂಡೇ ಹೊರಗೆ ಬಂದಳು. ಬೈಯಲಿಲ್ಲ, ಮಾತೂ ಆಡಲಿಲ್ಲ. ಅಂದಿನಿಂದ ಬಚ್ಚಲಿಗೆ ಒಳಗಿನಿಂದ ಚಿಲಕ ಬಿತ್ತು. ಆಸ್ಪತ್ರೆಯ ಹಾಸಿಗೆಯಲ್ಲೂ ಮಗಳು ಬರುವಷ್ಟರಲ್ಲಿ ಹುಬ್ಬು ಬರೆದುಕೊಂಡೇ ಇರುತ್ತಿದ್ದಳು. ಆ ತೊಳೆದ ಮುಖವನ್ನು ಮಗಳು ಎರಡನೆಯ ಸಲ ನೋಡಿದ್ದು ಇವತ್ತು.

*

"ಭಯ ಆಗ್ತಿದೆ ಚಿಕ್ಕಮ್ಮ."

"ಬದುಕಿದ್ದಾಗ ಅವಳಿಗೆ ಹೆದರಿದ್ದು ಸಾಲ್ದಾ? ಇನ್ನು ಅವಳೇನು ಮಾಡ್ತಾಳೆ?" ಚಿಕ್ಕಮ್ಮನ ಬಾಯೇ ಹಾಗೆ, ಅಳು ಬಂದಷ್ಟೂ ಹರಿತವಾಗುತ್ತದೆ.

"ಅಮ್ಮನಿಗಲ್ಲ. ಬರೆದ ಮೇಲೂ ಅಪ್ಪ ಗುರುತು ಹಿಡೀಲಿಲ್ಲ ಅಂದ್ರೆ?"

ಚಿಕ್ಕಮ್ಮ ಅಕ್ಕನ ಕೈಚೀಲ ತಡಕಿ ಹುಬ್ಬಿನ ಪೆನ್ಸಿಲು, ಲಿಪ್‌ಸ್ಟಿಕ್ಕು, ಪೌಡರು ತೆಗೆದಿಟ್ಟಳು. ಮಗಳು ಗೋಡೆಯಿಂದ ಮೇಡಂ ಫೋಟೊ ಒಂದನ್ನು ಇಳಿಸಿ, ಪೆಟ್ಟಿಗೆಯೊಳಗೆ ಅಮ್ಮನ ತಲೆಯ ಪಕ್ಕ ನಿಲ್ಲಿಸಿದಳು. ಸಂದಿಯೊಳಗೆ ಬಸ್ಸು ತಿರುಗಿಸಿದರೂ ಎಲ್ಲೂ ತರಚಿಸದ ಕೈಯಲ್ಲಿ ಪೆನ್ಸಿಲು ಹಿಡಿದಳು. ಹಣೆ ಮುಟ್ಟಿದಳು. ಆ ಥಂಡಿ ಬೆರಳಿನಿಂದ ಮೊಣಕೈವರೆಗೂ ಏರಿತು. ಒಂದು ಸಲ ಗೆರೆ ಸೊಟ್ಟಗಾಯಿತು, ಅಳಿಸಿದಳು. ಇನ್ನೊಂದು ಸಲ ದಪ್ಪವಾಯಿತು, ಅಳಿಸಿದಳು. ಬಾಗಿಲಾಚೆ ಗಾಡಿಯವನು ಕೆಮ್ಮಿದಾಗಲೆಲ್ಲ ಪೆನ್ಸಿಲು ಜಾರುತ್ತಿತ್ತು.

ಕೊನೆಗೆ ಫೋಟೊದಲ್ಲಿ ಗೆರೆ ಎಲ್ಲಿ ಹುಟ್ಟಿ ಎಲ್ಲಿ ಬಾಗಿ ಎಲ್ಲಿ ಇಳಿಯುತ್ತದೋ ನೋಡಿ ನೋಡಿ ಬರೆದಳು. ಎರಡೂ ಸಮನಾಗಿ ಬಂದವು. ತುಟಿಗೆ ಬಣ್ಣ, ಕೆನ್ನೆಗೆ ಒಂದು ಚುಕ್ಕೆ. ಇಣುಕಿ ನೋಡಿದ ಟೀಚರಮ್ಮ, "ಅಬ್ಬಾ! ಅಚ್ಚು ಹೊಡೆದ ಹಾಗಿದೆ," ಎಂದರು. ಮಗಳಿಗೆ ಹೋದ ಜೀವ ಬಂದಂತಾಯಿತು.

ಅಪ್ಪನನ್ನು ಕರೆತಂದರು. ಈ ಸಲ ಅವನು ಕಿರುಚಲಿಲ್ಲ. ಮೆಲ್ಲಗೆ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು ಮುಖ ನೋಡಿದ. ಫೋಟೊ ನೋಡಿದ. ಮತ್ತೆ ಮುಖ ನೋಡಿದ. ಕಣ್ಣು ತುಂಬಿ ಬಂದವು.

"ಯಾವಾಗ ಹೋದ್ರು?"

ಹೆಂಡತಿಯನ್ನು ಅಪ್ಪ ಬಹುವಚನದಲ್ಲಿ ಕರೆದದ್ದನ್ನು ಮಗಳು ಕೇಳಿಯೇ ಇರಲಿಲ್ಲ. ಆದರೂ ಹೇಳಿದಳು, "ನಿನ್ನೆ ಸಂಜೆ ಅಪ್ಪ."

"ಅಯ್ಯೋ ಪಾಪ. ಎಂಥಾ ನಟಿ!" ಎಂದು ಅವನು ಮಗಳ ಕಿವಿಯ ಹತ್ತಿರ ಬಗ್ಗಿ ದನಿ ಇಳಿಸಿದ. "ಸಿಸ್ಟರ್, ನನ್ನ ಹೆಂಡ್ತಿಗೆ ಯಾರಾದ್ರೂ ಹೇಳಿಬಿಟ್ರಾ? ಹೇಳ್ಬೇಡಿ, ನಿಮ್ಮ ದಮ್ಮಯ್ಯ. ಮೇಡಂ ಹೋದ್ರು ಅಂತ ಗೊತ್ತಾದ್ರೆ ಅವಳು ಬದುಕಲ್ಲ."

*

ಮೇಡಂ ನಿಜವಾಗಿ ಸತ್ತ ದಿನ ಅಪ್ಪ ಅಂಗಡಿಯಲ್ಲಿ ಗಿರಾಕಿಯೊಬ್ಬನ ರೇಡಿಯೋ ಸರಿಮಾಡುತ್ತಿದ್ದ. ಸರಿಯಾದ ರೇಡಿಯೋ ಮೊದಲು ಹೇಳಿದ್ದೇ ಆ ಸುದ್ದಿ. ಅಂಗಡಿಯ ಬಾಗಿಲು ಹಾಕುವುದನ್ನೂ ಮರೆತು ಮನೆಗೆ ಓಡಿಬಂದ. ಅಮ್ಮ ಒಳಗಿದ್ದಾಗ ಮನೆಯ ರೇಡಿಯೋದ ಹಿಂಬದಿ ಬಿಚ್ಚಿ ಒಂದು ತಂತಿ ಕಿತ್ತು ಜೇಬಿಗೆ ಹಾಕಿಕೊಂಡ. ಮಾರನೆಯ ದಿನದ ಪತ್ರಿಕೆ ಒಲೆಗೆ ಹೋಯಿತು. ಬರುವ ಗಿರಾಕಿಗಳನ್ನು ಬಾಗಿಲಲ್ಲೇ ಹಿಡಿದು, "ಮೇಡಂ ವಿಷಯ ಬಾಯಿ ಬಿಡ್ಬೇಡಿ," ಎಂದು ಕೈ ಮುಗಿಯುತ್ತಿದ್ದ. ಜಗತ್ತಿಗೆಲ್ಲ ಗೊತ್ತಾದದ್ದು ಎಷ್ಟು ದಿನ ಮುಚ್ಚಿಡಲಾದೀತು? ಕುರ್ಚಿಯಲ್ಲಿ ಕೂತ ಒಬ್ಬಳು ಕನ್ನಡಿ ನೋಡುತ್ತಾ ಹೇಳಿಯೇಬಿಟ್ಟಳು. ಅಮ್ಮ ಕತ್ತರಿ ಹಿಡಿದೇ ನೆಲಕ್ಕೆ ಕುಸಿದಳು. ಊಟ ಬಿಟ್ಟಳು, ಮಾತು ಬಿಟ್ಟಳು. ಅಪ್ಪ ತಟ್ಟೆ ಹಿಡಿದು ಅವಳೆದುರು ಕೂತೇ ಇರುತ್ತಿದ್ದ. ಅವನ ಮುಖದಲ್ಲಿ ಅಂಥ ಹೆದರಿಕೆಯನ್ನು ಮಗಳು ಮತ್ತೆಂದೂ ಕಂಡಿರಲಿಲ್ಲ.

*

ಈಗ ಕಂಡಳು. ಅಪ್ಪ ಬಾಗಿಲಿಗೆ ಹೋಗಿ ಎರಡೂ ತೋಳು ಚಾಚಿ ಅಡ್ಡ ನಿಂತಿದ್ದ. "ಅವಳು ಒಳಗೆ ಬರದ ಹಾಗೆ ನಾನು ನೋಡ್ಕೋತೀನಿ. ನೀವು ಬೇಗ ಇವರನ್ನ ಸಾಗಿಸಿ," ಎಂದು ಗಾಡಿಯವನಿಗೆ ಹೇಳುತ್ತಿದ್ದ. ಗಾಡಿಯವನು ಏನೂ ತೋಚದೆ ಮುಚ್ಚಳ ಹಿಡಿದು ಮಗಳ ಮುಖ ನೋಡಿದ.

ಚಿಕ್ಕಮ್ಮ ಆವರೆಗೆ ತಡೆದದ್ದೆಲ್ಲ ಒಡೆದು ಬಿಕ್ಕಿದಳು. "ಬಿಟ್ಬಿಡೇ. ಹಾಗೇ ಅಂದ್ಕೊಂಡಿರ್ಲಿ. ಸಂಕಟ ತಪ್ಪಿತು."

"ನಾಳೆ ಅವಳೆಲ್ಲಿ ಅಂತ ಕೇಳ್ತಾನಲ್ಲ ಚಿಕ್ಕಮ್ಮ? ನಾಡಿದ್ದು? ನಾನು ಬಸ್ಸಲ್ಲಿ ಕೂತಿದ್ದಾಗ ಇವನು ಯಾವ ರಸ್ತೇಲಿ ಇರ್ತಾನೆ?" ಮಗಳ ದನಿ ಅವಳಿಗೇ ಗೊತ್ತಿಲ್ಲದೆ ಏರಿತ್ತು. ಎದುರಿಗಿದ್ದ ಆ ಸುಂದರ ಮುಖ ನೋಡಿದರೆ ಅವಳಿಗೂ ಅದು ಅಮ್ಮನದೆನಿಸುತ್ತಿಲ್ಲ. ಏನು ತಪ್ಪಿದೆ ಎಂದು ಹೊಳೆಯುತ್ತಲೂ ಇಲ್ಲ.

ಜೋರು ಮಾತು ಕೇಳಿ ಅಪ್ಪ ಬಾಗಿಲು ಬಿಟ್ಟು ಬಂದ. ನರ್ಸಮ್ಮನನ್ನು ಸಮಾಧಾನ ಮಾಡಬೇಕು ಅನ್ನಿಸಿರಬೇಕು. "ಅಳ್ಬೇಡಿ. ಇವರಿಗೆ ಬರೆದೋರು ನೀವೇನಾ? ತುಂಬಾ ಚೆನ್ನಾಗಿ ಬರೆದಿದೀರಿ," ಎಂದ. ಆಮೇಲೆ ಗುಟ್ಟು ಹೇಳುವವನಂತೆ, "ನನ್ನ ಹೆಂಡ್ತಿಗೆ ಒಂದು ದಿನವೂ ಇಷ್ಟು ಸರಿಯಾಗಿ ಬರ್ಲಿಲ್ಲ ನೋಡಿ. ಅವಳದ್ದು ಎಡಗಡೆ ಹುಬ್ಬು ಮೇಲಕ್ಕೆ ಹೋಗಿಬಿಡುತ್ತೆ. ಯಾವಾಗ್ಲೂ ಏನೋ ಕೇಳೋಕೆ ಬಂದೋಳ ಹಾಗೆ ಕಾಣ್ತಾಳೆ. ಹೇಳಿದ್ರೆ ಸಿಟ್ಟು!"

ಮಗಳು ಬಿಟ್ಟ ಕಣ್ಣು ಬಿಟ್ಟಂತೆ ಅವನನ್ನೇ ನೋಡಿದಳು. ಹೌದಲ್ಲ! ದಿನಾ ಕಂಡ ಮುಖ. ಊಟ ಆಯ್ತಾ ಎಂದು ಕೇಳುವಾಗ, ಲೇಟಾಯ್ತಲ್ಲೇ ಎಂದು ಬಾಗಿಲು ತೆಗೆಯುವಾಗ, ಏನೂ ಕೇಳದೆ ಸುಮ್ಮನೆ ಕೂತಿದ್ದಾಗಲೂ ಅದೊಂದು ಹುಬ್ಬು ಮೇಲೆ.

ಅವಳು ಮೇಡಂ ಫೋಟೊವನ್ನು ಪೆಟ್ಟಿಗೆಯಿಂದ ಹೊರಗಿಟ್ಟಳು. ಹತ್ತಿ ಒದ್ದೆ ಮಾಡಿ ಎಡಗಡೆಯ ಗೆರೆಯನ್ನು ಪೂರ್ತಿ ಒರೆಸಿ ತೆಗೆದಳು. "ಎಷ್ಟು ಮೇಲೆ ಹೋಗ್ಬೇಕು? ಹೇಳ್ತಾ ಹೋಗಿ," ಎಂದಳು. ಬಹುವಚನ ತಾನಾಗಿ ಬಂತು.

"ಇನ್ನೂ ಮೇಲೆ. ಇನ್ನೊಂಚೂರು. ಹಾಂ, ಅಲ್ಲಿಂದ ಬಾಗ್ಬೇಕು. ಕೊನೇಲಿ ಇಳಿಸ್ಬೇಡಿ, ಅವಳಿಗೆ ಇಳಿಸೋಕೆ ತಾಳ್ಮೆ ಇಲ್ಲ, ಅಷ್ಟರಲ್ಲಿ ಯಾರೋ ಗಿರಾಕಿ ಬಂದಿರ್ತಾರೆ. ಹಾಗೇ ಬಿಟ್ಟು ಎದ್ದುಬಿಡ್ತಾಳೆ..." ಅಪ್ಪ ಹೆಂಡತಿಯ ಮಾತೆತ್ತಿದ ಖುಷಿಯಲ್ಲಿ ಹೇಳುತ್ತಲೇ ಇದ್ದ. ಪೆನ್ಸಿಲು ಮೇಲೇರಿ, ಬಾಗಿ, ಇಳಿಯದೆ ನಿಂತಿತು.

ಮಾತೂ ನಿಂತಿತು.

ಮಗಳಿಗೆ ತಲೆಯೆತ್ತಲು ಧೈರ್ಯ ಬರಲಿಲ್ಲ. ಪಕ್ಕದಲ್ಲಿ ಅವನ ಉಸಿರು ಮಾತ್ರ ಕೇಳುತ್ತಿತ್ತು, ಬೇಗ ಬೇಗ, ಮೆಟ್ಟಿಲು ಹತ್ತಿ ಬಂದವನ ಹಾಗೆ. ಆಮೇಲೆ ಅವಳ ಮಣಿಕಟ್ಟನ್ನು ಒಂದು ಕೈ ಬಿಗಿಯಾಗಿ ಹಿಡಿಯಿತು.

"ಅಳಿಸು."

"ಅಪ್ಪಾ..."

"ಅಳಿಸೇ ಪುಟ್ಟೀ. ಬೇಗ ಅಳಿಸು. ಮೊದಲಿದ್ದ ಹಾಗೇ ಮಾಡು, ಮೇಡಂ ಹಾಗೇ ಮಾಡು."

ಯಾವತ್ತು ಕರೆಯುತ್ತಾನೋ ಎಂದು ಅವಳು ಕಾದು ಕಾದು ಕೈಬಿಟ್ಟಿದ್ದ ಹೆಸರು ಅದು. ಕೇಳಿ ಸಂತೋಷವಾಗಲಿಲ್ಲ. ಅವನು ಎಲ್ಲವನ್ನೂ ಕಂಡಿದ್ದ, ಪೆಟ್ಟಿಗೆ, ಹೂವು, ಪೆಟ್ಟಿಗೆಯಲ್ಲಿದ್ದವಳು, ಅವಳ ಮಗಳು. ಅವಳು ಪೆನ್ಸಿಲು ಕೆಳಗಿಟ್ಟು, ಒದ್ದೆ ಹತ್ತಿಯನ್ನು ಅವನ ಅಂಗೈಯಲ್ಲೇ ಇಟ್ಟಳು. ಅಳಿಸಬೇಕಾದರೆ ಅವನೇ ಅಳಿಸಲಿ.

ಅಪ್ಪ ಪೆಟ್ಟಿಗೆಯ ಅಂಚು ಹಿಡಿದು ಬಗ್ಗಿದ. ಹತ್ತಿ ಹುಬ್ಬಿನ ಹತ್ತಿರ ಹೋಯಿತು. ಚಿಕ್ಕಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಅಮ್ಮನ ಮುಚ್ಚಿದ ರೆಪ್ಪೆಯ ಮೇಲೆ ಪೆನ್ಸಿಲಿನ ಕಪ್ಪು ಪುಡಿ ಒಂದಿಷ್ಟು ಉದುರಿ ಬಿದ್ದಿತ್ತು. ಅಪ್ಪ ಹುಬ್ಬು ಮುಟ್ಟದೆ, ಹತ್ತಿಯ ತುದಿಯಿಂದ ಅದನ್ನಷ್ಟೇ ಒಂದೊಂದೇ ಕಣವಾಗಿ ಎತ್ತಿದ. ಉಳಿದದ್ದಕ್ಕೆ ತುಟಿ ಹತ್ತಿರ ತಂದು ಮೆಲ್ಲಗೆ ಊದಿದ.

"ಕಣ್ಣಿಗೆ ಬೀಳುತ್ತೆ," ಎಂದ.