ಕಿವಿಯ ಹತ್ತಿರ ಅಲ್ಲಾಡಿಸಿದ ಪಿಸ್ತೂಲು

ಡ್ವೇನ್ ಪಿಸ್ತೂಲನ್ನು ಕಿವಿಯ ಹತ್ತಿರ ಹಿಡಿದು ಒಣಗಿದ ಸೋರೆಬುರುಡೆಯ ಹಾಗೆ ಅಲ್ಲಾಡಿಸಿದ. ಗಡಗಡ ಎಂದು ಸದ್ದಾಯಿತು.

“ಕೇಳಿಸ್ತಾ ಲೆಸ್ಟರ್? ಜೀವಮಾನವೆಲ್ಲ ಸ್ಕೂಲ್ ಬಸ್ ಓಡಿಸಿದೋನು ನೀನು. ಬಸ್ಸಲ್ಲಿ ಹಿಂಗೆ ಸದ್ದು ಬಂದ್ರೆ ಏನರ್ಥ? ನೀನೇ ಹೇಳಪ್ಪ.”

ಲೆಸ್ಟರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ಸವೆದಿದೆ ಅಂತ.”

“ನೋಡು, ನಾನು ಹೇಳ್ಲಿಲ್ಲ. ನಿನ್ನ ಬಾಯಿಂದಲೇ ಬಂತು.”

ನಾನು ಅಲ್ಲೇ ಪಕ್ಕದಲ್ಲಿ, ಕೊರಳಿಗೆ ಸೀಟಿ ನೇತುಹಾಕಿಕೊಂಡು ನಿಂತಿದ್ದೆ. ಆ ಶನಿವಾರ ಗುಂಡು ಹೊಡೆಯುವ ಸಾಲಿನ ಉಸ್ತುವಾರಿ ನನ್ನದಾಗಿತ್ತು. ಮೈಯೆಲ್ಲ ಉರಿಯುತ್ತಿದ್ದರೂ ಬಾಯಿ ತೆರೆಯುವ ಹಾಗಿರಲಿಲ್ಲ. ನಮ್ಮ ಕಡೆ, ಅಂದರೆ ಓಹಾಯೊದ ಈ ದಕ್ಷಿಣದ ಗುಡ್ಡಗಳಲ್ಲಿ, ಒಂದು ಮರ್ಯಾದೆ ಇದೆ. ಮಾರಾಟಕ್ಕೆ ಬಂದ ಬಂದೂಕನ್ನು ಒಬ್ಬ ಕೈಗೆತ್ತಿಕೊಂಡರೆ, ಅವನು ಅದನ್ನು ಕೆಳಗಿಡುವವರೆಗೆ ವ್ಯಾಪಾರ ಅವನದು. ಮೂರನೆಯವರು ಮುಟ್ಟಬಾರದು, ಬೆಲೆ ಹೇಳಬಾರದು, ಹುಬ್ಬು ಕೂಡ ಏರಿಸಬಾರದು. ಡ್ವೇನ್ ನಮ್ಮ ಗುರಿ ಹೊಡೆಯುವ ಕ್ಲಬ್ಬಿನ ಅಧ್ಯಕ್ಷ. ಈ ಮರ್ಯಾದೆಯನ್ನು ಚೆನ್ನಾಗಿ ಬಲ್ಲವನು. ಬಲಗೈಯಲ್ಲಿ ಪಿಸ್ತೂಲು ಹಿಡಿದುಕೊಂಡೇ ಎಡಗೈಯಲ್ಲಿ ಖಾರದ ಮಾಂಸ ಸುರಿದ ಹಾಟ್‌ಡಾಗ್ ತಿಂದು ಮುಗಿಸಿದ್ದ. ಗಡ್ಡಕ್ಕೆ ಸಾಸಿವೆಯ ಗೊಜ್ಜು ಮೆತ್ತಿತ್ತು. ಅದನ್ನು ಒರೆಸಿಕೊಳ್ಳುವುದಕ್ಕೂ ಪಿಸ್ತೂಲು ಕೆಳಗಿಡಲಿಲ್ಲ.

ಪಿಸ್ತೂಲು ಲೆಸ್ಟರನ ಹೆಂಡತಿ ವರ್ನಾಳದು. ಅವಳು ವಸಂತದಲ್ಲಿ ತೀರಿಕೊಂಡಳು. ಬೇರಿಂಗ್ ಕಾರ್ಖಾನೆಯಲ್ಲಿ ಅಚ್ಚುಗಳನ್ನು ಮಾಡುತ್ತಿದ್ದವಳು ಅವಳು. ಕೂದಲೆಳೆಯ ಹತ್ತರಲ್ಲೊಂದು ಪಾಲು ಹೆಚ್ಚುಕಡಿಮೆಯಾದರೂ ಉಕ್ಕನ್ನು ಕಸಕ್ಕೆ ಎಸೆಯುವ ಕೆಲಸ ಅದು. ಸೈನ್ಯದ ಹಳೆಯ ಮಾದರಿಯ ನಲವತ್ತೈದರ ಅಳತೆಯ ಗುಂಡಿನ ಪಿಸ್ತೂಲೊಂದನ್ನು ಕೊಂಡು, ಒಂದು ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ ಅದಕ್ಕೆ ಹೊಸ ನಳಿಕೆ ಕೂರಿಸಿದಳು. ಮಸಿ ಹಚ್ಚುವುದು, ಕೂರಿಸುವುದು, ಮಸಿ ಎಲ್ಲಿ ಅಳಿಸಿದೆಯೋ ಅಲ್ಲಿ ಮಾತ್ರ ಅರ ಆಡಿಸುವುದು, ಮತ್ತೆ ಮಸಿ. ಆಮೇಲೆ ಅದೇ ಪಿಸ್ತೂಲಿನಿಂದ ಪಂದ್ಯಗಳಲ್ಲಿ ನಮ್ಮನ್ನೆಲ್ಲ ವರ್ಷ ವರ್ಷವೂ ಸೋಲಿಸಿದಳು. ಎರಡನೆಯ ಸ್ಥಾನ ಸಾಮಾನ್ಯವಾಗಿ ಡ್ವೇನ್‌ನದು.

ಲೆಸ್ಟರನಿಗೆ ಪಿಸ್ತೂಲಿನ ಗಂಧವೂ ಗೊತ್ತಿರಲಿಲ್ಲ. ಹೆಂಡತಿ ಹೊಡೆಯುವಾಗ ಅವನು ಟ್ರಕ್ಕಿನಲ್ಲಿ ಕೂತು ಪತ್ರಿಕೆ ಓದುತ್ತಿದ್ದ. ಆಸ್ಪತ್ರೆಯಲ್ಲಿ ಅವಳು “ಸಾವಿರದ ಐನೂರಕ್ಕೆ ಒಂದು ಡಾಲರ್ ಕಮ್ಮಿಗೂ ಕೊಡಬೇಡ” ಎಂದಿದ್ದಳಂತೆ. ಅಷ್ಟನ್ನೇ ನೆಚ್ಚಿಕೊಂಡು ಬಂದಿದ್ದ. ಈಗ ಡ್ವೇನ್ ಐನೂರು ಎನ್ನುತ್ತಿದ್ದ. ಲೆಸ್ಟರನ ಮುಖ ನೋಡಿದರೆ ದುಡ್ಡಿನ ಚಿಂತೆ ಕಾಣಲಿಲ್ಲ. ವರ್ನಾ ತನ್ನ ಕೆಲಸದ ಬಗ್ಗೆ ತಪ್ಪು ತಿಳಿದುಕೊಂಡೇ ಸತ್ತಳೇ ಎಂಬ ಅನುಮಾನ ಅಲ್ಲಿ ಕಾಣುತ್ತಿತ್ತು.

“ಅವಳ ಕೈ ಚಿನ್ನದ್ದು ಕಣಯ್ಯ,” ಎಂದ ಡ್ವೇನ್, ದನಿ ಮೆತ್ತಗೆ ಮಾಡಿಕೊಂಡು. “ಇಂಥ ಡಬ್ಬೀಲೂ ನಮ್ಮನ್ನ ಸೋಲಿಸ್ತಿದ್ಲು ಅಂದ್ರೆ ನೀನೇ ಯೋಚನೆ ಮಾಡು. ಹೊಡೆಯೋದ್ರಲ್ಲಿ ರಾಣಿ. ಅರ ಹಿಡಿಯೋದು ಬೇರೆ ವಿದ್ಯೆ, ಬಿಡು.”

ಇದನ್ನು ಕೇಳಿದಾಗ ನನಗೆ ರಕ್ತ ಕುದಿಯಿತು. ಹೊಡೆಯುವವಳನ್ನು ಹೊಗಳುತ್ತ ಮಾಡಿದವಳನ್ನು ತುಳಿಯುವುದು! ಹೆಂಡತಿಯ ಹೊಗಳಿಕೆಯೆಂದು ಲೆಸ್ಟರ್ ತಲೆಯಾಡಿಸಿದ. ಆ ತಲೆಯಾಡಿಸುವಿಕೆಯಲ್ಲೇ ಅವಳ ಒಂದು ಚಳಿಗಾಲವನ್ನು ಬಿಟ್ಟುಕೊಟ್ಟ.

ನಾನು ಉಕ್ಕಿನ ಪರೀಕ್ಷಾಲಯದಲ್ಲಿ ಬದುಕು ಕಳೆದವಳು. ಸದ್ದು ಪುರಾವೆಯಲ್ಲ. ಎಲ್ಲಿಯ ಸದ್ದು ಎಂಬುದು ಪುರಾವೆ. ಆ ಪಿಸ್ತೂಲಿನಲ್ಲಿ ಗಡಗಡ ಎನ್ನುತ್ತಿದ್ದದ್ದು ಮೇಲೆ ಹಿಂದೆಮುಂದೆ ಜಾರುವ ಸ್ಲೈಡು, ಕೆಳಗಿನ ಚೌಕಟ್ಟಿನ ಮೇಲೆ. ಗುರಿ ನೋಡುವ ಎರಡು ಗುರುತುಗಳೂ ಸ್ಲೈಡಿನ ಮೇಲೆಯೇ ಇವೆ. ನಳಿಕೆ ಪ್ರತಿ ಸಲವೂ ಸ್ಲೈಡಿನೊಳಗೆ ಅದೇ ಜಾಗಕ್ಕೆ ಬಂದು ಕೂತರೆ ಸಾಕು, ಗುಂಡು ಅದೇ ಜಾಗಕ್ಕೆ ಹೋಗುತ್ತದೆ. ಕೆಳಗಿನ ಚೌಕಟ್ಟು ಸಡಿಲವಾಗಿದ್ದರೆ ಹೆಚ್ಚೇನೂ ಕೆಡುವುದಿಲ್ಲ. ಇದು ಡ್ವೇನ್‌ಗೆ ಗೊತ್ತಿಲ್ಲವೇ? ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಅಲ್ಲಾಡಿಸುತ್ತಿದ್ದ.

ಆ ಸುತ್ತಿನ ಹೊಡೆತ ಮುಗಿಯಿತು. ಕಾಗದದ ಗುರಿಗಳನ್ನು ಬದಲಿಸಲು ಜನ ಮುಂದೆ ಹೋಗಬೇಕು. ಸೀಟಿ ಊದಿದೆ.

“ಗುಂಡು ನಿಲ್ಲಿಸಿ! ಪಿಸ್ತೂಲು ಕೆಳಗಿಡಿ, ಸ್ಲೈಡು ತೆರೆದಿರಲಿ. ಎಲ್ಲರೂ ಹಳದಿ ಗೆರೆಯಿಂದ ಹಿಂದಕ್ಕೆ!”

ಎಲ್ಲರೂ ಹಿಂದೆ ಬಂದರು. ಪಕ್ಕದ ಮೇಜಿನ ಬಳಿ ಡ್ವೇನ್ ಹಾಗೇ ನಿಂತಿದ್ದ.

“ಡ್ವೇನ್, ಕೆಳಗಿಡು.”

“ನಾನು ಸಾಲಲ್ಲಿ ಇಲ್ಲ ಕಣೇ ಡೋರಿನ್.”

“ಪಕ್ಕದ ಮೇಜೂ ಸೇರುತ್ತೆ. ನಿಯಮ ಬರೆದೋರು ತಾವೇ ಅಲ್ವೇ, ಅಧ್ಯಕ್ಷರೇ?”

“ಇಲ್ಲಿ ವ್ಯಾಪಾರ ನಡೀತಿದೆ!”

“ಅಲ್ಲಿ ಜನ ನಡೀಬೇಕು. ನೀನು ಕೆಳಗಿಡೋವರೆಗೂ ಯಾರನ್ನೂ ಮುಂದಕ್ಕೆ ಬಿಡಲ್ಲ. ಬೇಕಾದ್ರೆ ಸಂಜೆವರೆಗೂ ನಿಂತಿರೋಣ, ನನಗೇನು ಮನೇಲಿ ಕೂಸು ಅಳ್ತಿಲ್ಲ.”

ಯಾರೋ ಕಿಸಕ್ಕನೆ ನಕ್ಕರು. ಡ್ವೇನ್ ಪಿಸ್ತೂಲಿನ ಸ್ಲೈಡು ಎಳೆದು, ಮೇಜಿನ ಮೇಲಿಟ್ಟು, ಗೆರೆಯ ಹಿಂದಕ್ಕೆ ಬಂದ. ಅದು ಕೆಳಗಿತ್ತು. ಕೈ ಬಿಟ್ಟಾಗಿತ್ತು.

“ಲೆಸ್ಟರ್,” ಎಂದೆ, ಎಲ್ಲರಿಗೂ ಕೇಳುವ ಹಾಗೆ. “ಈಗ ನಾನು ಮಾತಾಡಬಹುದು. ಮೊದಲೇ ಹೇಳ್ತೀನಿ, ಇದನ್ನ ನಾನು ಕೊಳ್ಳಲ್ಲ. ಬೆಲೆ ಕಟ್ಟೋರು ಕೊಳ್ಳಬಾರದು.”

ಅದನ್ನು ಕೊಳ್ಳಲೆಂದೇ ನಾನು ಬೇಸಿಗೆಯಿಂದ ದುಡ್ಡು ಕೂಡಿಸುತ್ತಿದ್ದೆ.

ಗುರಿ ಬದಲಿಸಲು ಹೋದ ಜನ ಹಿಂದಿರುಗಿದ ಮೇಲೆ ಲೆಸ್ಟರನನ್ನು ಮೇಜಿನ ಬಳಿ ಕರೆದೆ. ಪಿಸ್ತೂಲು ಖಾಲಿ ಇದೆಯೆಂದು ಅವನಿಗೂ ತೋರಿಸಿ ಸ್ಲೈಡು ಮುಚ್ಚಿದೆ. “ಬಸ್ಸಿನ ಕಿಟಕಿ ಗಡಗಡ ಅಂದ್ರೆ ಬ್ರೇಕ್ ಹೋಗಿದೆ ಅಂತ ಅರ್ಥನಾ?”

“ಎಲ್ಲಾದ್ರೂ ಉಂಟಾ! ಕಿಟಕಿ ಎಲ್ಲಾ ಬಸ್ಸಲ್ಲೂ ಗಡಗಡ ಅನ್ನುತ್ತೆ.”

“ಇವ್ನು ನಿನಗೆ ಕೇಳಿಸಿದ್ದು ಕಿಟಕಿ. ಬ್ರೇಕ್ ಇಲ್ಲಿದೆ. ಈ ಕಿಂಡಿಯಲ್ಲಿ ನಳಿಕೆಯ ಹಿಂಭಾಗ ಕಾಣುತ್ತಲ್ಲ, ಹೆಬ್ಬೆರಳಿಂದ ಒತ್ತು.”

“ಮುರಿದೋದ್ರೆ?”

“ಮುರಿಯಲ್ಲ ಮಾರಾಯ, ಒತ್ತು. ಸವೆದಿದ್ರೆ ಕೆಳಕ್ಕೆ ಕುಸಿಯುತ್ತೆ.”

ಒತ್ತಿದ. ಉಗುರು ಬೆಳ್ಳಗಾಗುವವರೆಗೆ ಒತ್ತಿದ. “ಕಲ್ಲಿನ ಹಂಗಿದೆ.”

ನಳಿಕೆಯ ತುದಿ ಹಿಡಿದು ಅಲುಗಿಸಲು ಹೇಳಿದೆ. ಅದೂ ಅಲುಗಲಿಲ್ಲ. ನಳಿಕೆಯೊಳಗೆ ಬೆಳಕು ಬಿಟ್ಟು ನೋಡಿದೆ. ಸುರುಳಿ ಗೀರುಗಳ ಅಂಚು ಇನ್ನೂ ಚೂಪಾಗಿತ್ತು. ತಪ್ಪುಗಳನ್ನೂ ಮುಚ್ಚಿಡಲಿಲ್ಲ. ಸ್ಪ್ರಿಂಗುಗಳು ದಣಿದಿದ್ದವು, ಬದಲಿಸಬೇಕು. ಗುಂಡು ತುಂಬುವ ಎರಡು ಪೆಟ್ಟಿಗೆಗಳಲ್ಲಿ ಒಂದರ ತುಟಿ ಸೀಳಿತ್ತು. ಮೂತಿಯ ಹತ್ತಿರ ಬಣ್ಣ ಹೋಗಿತ್ತು. “ಇಷ್ಟೆಲ್ಲ ಹಿಡಿದೂ ಸಾವಿರದ ಐನೂರು ನ್ಯಾಯ,” ಎಂದೆ.

“ಗೆಳತಿ ಪರವಾಗಿ ಗೆಳತಿ ಸಾಕ್ಷಿ,” ಎಂದ ಡ್ವೇನ್. “ಪಂದ್ಯಗಳಲ್ಲಿ ಗುರಿ ಹೊಡೆದಿದ್ದು ವರ್ನಾ ಕೈ. ಪಿಸ್ತೂಲಲ್ಲ.”

“ಹಾಗಾದ್ರೆ ಕೈನೇ ತೆಗೆದುಬಿಡೋಣ. ಮರಳುಚೀಲದ ಮೇಲಿಟ್ಟು ಐವತ್ತು ಗಜಕ್ಕೆ ಹೊಡಿ. ನೀನೇ ಹೊಡಿ. ಆಗ ಗೆಳತಿ ಗಿಳತಿ ಅನ್ನೋ ಮಾತಿರಲ್ಲ.”

ಬೇಕೆಂದೇ ಕೆಟ್ಟದಾಗಿ ಹೊಡೆದಿದ್ದರೆ ಪಿಸ್ತೂಲು ಅಗ್ಗವಾಗುತ್ತಿತ್ತು. ಆದರೆ ಹತ್ತು ಜನರೆದುರು ಕೆಟ್ಟದಾಗಿ ಹೊಡೆಯುವುದು ಡ್ವೇನ್‌ನ ಹಣೆಯಲ್ಲಿ ಬರೆದಿಲ್ಲ. ನನಗೆ ಅವನ ದುರಾಸೆಗಿಂತ ಜಂಬದ ಮೇಲೆ ಹೆಚ್ಚು ನಂಬಿಕೆ ಇತ್ತು. ಮೊಣಕೈ ಊರಿ, ಉಸಿರು ಹಿಡಿದು, ಗುಂಡಿನ ಪೆಟ್ಟಿಗೆ ಖಾಲಿಯಾಗುವವರೆಗೆ ಹೊಡೆದ. ಗುರಿಯನ್ನು ತಂದು ಮೇಜಿನ ಮೇಲೆ ಹರವಿದೆವು. ಲೆಸ್ಟರ್ ತನ್ನ ಕಾಫಿ ಲೋಟದ ಮುಚ್ಚಳ ತೆಗೆದು ಅದರ ಮೇಲಿಟ್ಟ. ಒಂದು ತೂತೂ ಹೊರಗೆ ಕಾಣಲಿಲ್ಲ.

“ಆಯ್ತು ಬಿಡು,” ಎಂದ ಡ್ವೇನ್, ಜೇಬಿಗೆ ಕೈ ಹಾಕುತ್ತ. “ಸಾವಿರದ ಐನೂರು. ವರ್ನಾ ಮುಖ ನೋಡಿ ಕೊಡ್ತಿದೀನಿ.”

ವರ್ನಾಳ ಮುಖ ನೋಡಿ! ಸಿಕ್ಕಿಬಿದ್ದ ಕಳ್ಳ ಕದ್ದ ಪರ್ಸನ್ನೇ ಜೇಬಿನಿಂದ ತೆಗೆದುಕೊಟ್ಟು ದಾನ ಮಾಡಿದೆ ಎಂದಂತಾಯಿತು.

ಲೆಸ್ಟರ್ ನಿಧಾನವಾಗಿ ಮುಚ್ಚಳವನ್ನು ಲೋಟಕ್ಕೆ ಹಾಕಿದ. “ಅವಳಿಗೆ ಅರ ಹಿಡಿಯೋಕೆ ಬರಲ್ಲ ಅಂದೆಯಲ್ಲ, ಎಲ್ಲರೆದುರು. ಈಗ ಎಲ್ಲರೆದುರು ಹೇಳು, ಬರುತ್ತಿತ್ತು ಅಂತ.”

“ಬೆಲೆ ಒಪ್ಕೊಂಡ್ನಲ್ಲಪ್ಪ.”

“ಬೆಲೆ ಕೇಳಲಿಲ್ಲ.”

ಡ್ವೇನ್ ನಕ್ಕ. ಸುತ್ತ ನೋಡಿದ. “ಸಾವಿರದ ಏಳುನೂರು. ಮಾತು ಮುಗೀತು.”

ಒಂದು ವಾಕ್ಯ ಹೇಳುವುದಕ್ಕಿಂತ ಇನ್ನೂರು ಡಾಲರ್ ಹೆಚ್ಚು ಕೊಡುವುದು ಅವನಿಗೆ ಸುಲಭವಾಗಿತ್ತು. ಲೆಸ್ಟರ್ ಪಿಸ್ತೂಲನ್ನು ವರ್ನಾಳ ಮರದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ.

ಆಗ ಗ್ಲೆನ್ ಮುಂದೆ ಬಂದ. ನಮ್ಮಲ್ಲಿ ಹಿರಿಯ, ಒಳ್ಳೆಯವನೆಂದು ಹೆಸರಾದವನು. “ಲೆಸ್ಟರ್, ಅವಳ ಕೈಗೆಲಸಕ್ಕೆ ಸಮ ಯಾರದೂ ಇರಲಿಲ್ಲ. ನನಗೆ ಮೊದಲಿಂದಲೂ ಗೊತ್ತು. ನಾನು ತಗೋತೀನಿ.”

“ಮೊದಲಿಂದಲೂ?” ಎಂದ ಲೆಸ್ಟರ್. “ಅವನು ಅಲ್ಲಾಡಿಸ್ತಿದ್ದಾಗಲೂ?”

“ಅವನ ಕೈಲಿತ್ತಲ್ಲಪ್ಪ. ಮಧ್ಯೆ ಬಾಯಿ ಹಾಕಬಾರದು ನೋಡು.”

ಲೆಸ್ಟರ್ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಟ್ರಕ್ಕಿನತ್ತ ನಡೆದ. ಡ್ವೇನ್‌ನ ಮೇಲಿನ ಸಿಟ್ಟು ನನಗೆ ಹಳೆಯದು, ಅದರ ಜೊತೆ ಬಾಳಬಲ್ಲೆ. ಗ್ಲೆನ್‌ನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮಣ್ಣಾಗಿರುವ ಹೆಣ್ಣಿನ ಹೆಸರು ಕೆಡಿಸುತ್ತಿರುವಾಗ ಬಾಯಿ ಮುಚ್ಚಿಕೊಂಡಿರುವುದು ಮರ್ಯಾದೆಯಂತೆ! ಹತ್ತು ಜನ ಬಲ್ಲವರು ಕಾಫಿ ಹೀರುತ್ತ ಆ ಮರ್ಯಾದೆ ಕಾದರು. ನಾನೂ ಸೀಟಿ ಊದುವ ಹೊತ್ತು ಬರುವವರೆಗೆ ಕಾದೆ. ನಿಯಮವೊಂದರ ಬಾಲ ಹಿಡಿಯದೆ ನ್ಯಾಯ ಹೇಳುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ.

ಮುಂದಿನ ಸಭೆಯಲ್ಲಿ, ಸುರಕ್ಷತೆಯ ಸೀಟಿಯನ್ನು ನಾನು ವ್ಯಾಪಾರ ಕೆಡಿಸಲು ಬಳಸಿದೆನೆಂದು ಡ್ವೇನ್ ದೂರಿದ. ಸೀಟಿಯನ್ನು ನನ್ನಿಂದ ತೆಗೆದುಕೊಂಡರು. ಕೊಟ್ಟೆ.

ಲೆಸ್ಟರ್ ಆಮೇಲೂ ಬರುತ್ತಿದ್ದ. ಈಗ ಟ್ರಕ್ಕಿನಲ್ಲಿ ಕೂರುತ್ತಿರಲಿಲ್ಲ. ಪಕ್ಕದ ಮೇಜಿನ ಮೇಲೆ ಪೆಟ್ಟಿಗೆ ತೆರೆದಿಟ್ಟು ಸುಮ್ಮನೆ ನಿಲ್ಲುತ್ತಿದ್ದ. ಕೇಳಿದವರಿಗೆ ಪಿಸ್ತೂಲು ಕೊಟ್ಟು ಅವರ ಕೈಯನ್ನೇ ನೋಡುತ್ತಿದ್ದ. ಬಂದವರು ಬಂದಹಾಗೆ ಅದನ್ನು ಕಿವಿಯ ಹತ್ತಿರ ಒಯ್ಯುತ್ತಿದ್ದರು. “ಮಾರಾಟಕ್ಕಿಲ್ಲ,” ಎಂದು ವಾಪಸು ತೆಗೆದುಕೊಳ್ಳುತ್ತಿದ್ದ.

ಅಕ್ಟೋಬರ್ ತಿಂಗಳ ಪಂದ್ಯಕ್ಕೆ ಡೇಟನ್ ನಗರದ ಕಡೆಯಿಂದ ಮಾರ್ಲಾ ಎಂಬ ಹೆಂಗಸು ಬಂದಿದ್ದಳು. ಕೈಯಲ್ಲೆಲ್ಲ ಯಂತ್ರದ ಎಣ್ಣೆಯ ಕಲೆ. ಪಿಸ್ತೂಲು ಖಾಲಿಯೇ ಎಂದು ನೋಡಿ ಸ್ಲೈಡು ಮುಚ್ಚಿದಳು. ಅದು ಗಡಗಡ ಎಂದಿತು. ಅವಳು ಅದರತ್ತ ಗಮನ ಕೊಡಲಿಲ್ಲ. ಬೆಲೆ ಕೇಳುವ ಮೊದಲೇ ಅವಳ ಹೆಬ್ಬೆರಳು ಆ ಕಿಂಡಿಗೆ ಹೋಗಿ ನಳಿಕೆಯನ್ನು ಒತ್ತಿತು. ಮತ್ತೊಮ್ಮೆ, ಇನ್ನೂ ಜೋರಾಗಿ ಒತ್ತಿತು.

“ಯಾರು ಕೂರಿಸಿದ್ದು ಇದನ್ನ?” ಎಂದಳು.

ಲೆಸ್ಟರ್ ಟೋಪಿ ತೆಗೆದ. “ನನ್ನ ಹೆಂಡತಿ,” ಎಂದ. “ಸಾವಿರದ ಐನೂರು.”